ಚರಕದ ಮುಂದೆ ಗಾಂಧೀಜಿ: ಆ ಫೋಟೋ ತೆಗೆದವರ ಬಗ್ಗೆ ಗೊತ್ತಿದ್ದರೆ ಹೇಳಿ

ತುಂಗಾತೀರ:
ಮುಂದೆ ಚರಕ, ಹಿಂದೆ ನೆಲದ ಮೇಲೆ ಕೂತು ಕಾಗದ ಓದುತ್ತಿರುವ ಗಾಂಧೀಜಿ. ಚಿಕ್ಕಂದಿನಿಂದ ನಮ್ಮೂರ ಖಾದಿ ಅಂಗಡಿಯಲ್ಲಿ ನೋಡಿದ ಫೋಟೋ ಇದು. ತೆಗೆದವರು ಅಮೆರಿಕದ ಮಾರ್ಗರೆಟ್ ಬರ್ಕ್-ವೈಟ್ ಅಂತ ಮೊನ್ನೆ ತಿಳಿಯಿತು. ಸುಮ್ನೆ ಬಂದು ತೆಗೆದುಕೊಂಡು ಹೋದರಾ, ಅಥವಾ ಅದರ ಹಿಂದೆ ಏನಾದರೂ ಕಥೆ ಇದೆಯಾ?

ಹಳೇಕ್ಯಾಮರಾ:
ಇದೆ ಸಾರ್. 1946, ಪುಣೆ. ಫೋಟೋ ಬೇಕಾದರೆ ಮೊದಲು ನೂಲುವುದನ್ನು ಕಲಿಯಿರಿ ಅಂದರು ಗಾಂಧೀಜಿಯ ಕಾರ್ಯದರ್ಶಿ. ಪಾಪ, ಕೂತು ಕಲಿತರು, ನೂಲು ಮತ್ತೆ ಮತ್ತೆ ತುಂಡಾಗುತ್ತಿತ್ತಂತೆ. ಅವತ್ತು ಸೋಮವಾರ, ಮೌನದ ದಿನ, ಮಾತಾಡಿಸುವ ಹಾಗಿಲ್ಲ. ಗಾಂಧೀಜಿಗೆ ಫ್ಲ್ಯಾಶ್ ಬೆಳಕು ಆಗುತ್ತಿರಲಿಲ್ಲ, ಹಾಗಾಗಿ ಮೂರೇ ಫ್ಲ್ಯಾಶ್ ಬಲ್ಬಿಗೆ (ಒಂದು ಫೋಟೋಗೆ ಒಂದು) ಒಪ್ಪಿಗೆ. ಎರಡು ಸಲ ಕೆಟ್ಟಿತು, ಮೂರನೆಯದರಲ್ಲಿ ಸಿಕ್ಕಿತು. ಅಷ್ಟು ಹೊತ್ತಿಗೆ ಇವರು ಹೊಸಬರೇನೂ ಅಲ್ಲ. 1936ರಲ್ಲಿ ಅಮೆರಿಕದ ಲೈಫ್ ಪತ್ರಿಕೆಯ ಮೊದಲ ಮುಖಪುಟದಲ್ಲಿ ಬಂದ ಫೋರ್ಟ್ ಪೆಕ್ ಅಣೆಕಟ್ಟಿನ ಫೋಟೋ ಇವರದೇ. 1941ರಲ್ಲಿ ಜರ್ಮನ್ನರು ಮಾಸ್ಕೋ ಮೇಲೆ ಬಾಂಬ್ ಹಾಕಿದಾಗ ಅಲ್ಲಿದ್ದರು, 1945ರಲ್ಲಿ ನಾಜಿಗಳ ಬುಖೆನ್‌ವಾಲ್ಡ್ ಸೆರೆಶಿಬಿರ ಬಿಡುಗಡೆಯಾದಾಗಲೂ ಅಲ್ಲಿಗೆ ಹೋಗಿದ್ದರು.

ಮಲೆನಾಡ_ಓದುಗ:
ದೇಶ ಒಡೆದಾಗ ಪಂಜಾಬಿನಲ್ಲಿ ಅವರು ತೆಗೆದ ಫೋಟೋಗಳನ್ನೂ ನೋಡಿ. ಗಂಟುಮೂಟೆ, ಮುದುಕರು, ಹೆಗಲ ಮೇಲೆ ಮಕ್ಕಳು, ಮುಗಿಯದ ಸಾಲು. ನನಗೆ ಚರಕದ ಫೋಟೋಗಿಂತ ಅವೇ ಜಾಸ್ತಿ ಕಾಡುತ್ತವೆ. ಒಂದು ವಿಷಯ ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. 1948ರ ಜನವರಿ 30ರಂದು, ಗಾಂಧೀಜಿ ಸಾಯುವ ಕೆಲವೇ ಗಂಟೆ ಮುಂಚೆ ಅವರನ್ನು ಸಂದರ್ಶನ ಮಾಡಿದ್ದು ಇವರೇ. ಅದೇ ದಿನ ಪಾರ್ಥಿವ ಶರೀರವಿದ್ದ ಕೋಣೆಗೆ ಕ್ಯಾಮರಾ ಬಚ್ಚಿಟ್ಟುಕೊಂಡು ಹೋಗಿ ಫ್ಲ್ಯಾಶ್ ಹಾರಿಸಿದರು. ಅಲ್ಲಿದ್ದವರು ಸಿಟ್ಟಾಗಿ ಹೊರಗೆ ಕಳಿಸಿದರು, ಫಿಲ್ಮೂ ಹಾಳಾಯಿತು. ಅಳುತ್ತಿರುವ ಮನೆಯಲ್ಲಿ ಅದು ಬೇಕಿತ್ತಾ?

ಹಳೇಕ್ಯಾಮರಾ:
ಬೇಕಿರಲಿಲ್ಲ, ನಾನೂ ಒಪ್ಪುತ್ತೇನೆ. ಆದರೆ ಪಂಜಾಬಿನ ಆ ಸಾಲುಗಳ ಹತ್ತಿರ ಇವರನ್ನು ಕರೆದುಕೊಂಡು ಹೋಗಿದ್ದೂ ಅದೇ ಹಟ ಅಲ್ವಾ?

ತುಂಗಾತೀರ:
ಇಬ್ಬರಿಗೂ ಥ್ಯಾಂಕ್ಸ್. ಕೊನೆಗೆ ಏನಾದರು?

ಹಳೇಕ್ಯಾಮರಾ:
ಪಾರ್ಕಿನ್ಸನ್ ಕಾಯಿಲೆ. ಕ್ಯಾಮರಾ ಹಿಡಿಯುವ ಕೈಯೇ ಮಾತು ಕೇಳದಾಯಿತು. 1959ರಲ್ಲಿ ತಮ್ಮ ಕಾಯಿಲೆಯ ಕಥೆಯನ್ನು ಅದೇ ಲೈಫ್‌ನಲ್ಲಿ ಬರೆದರು. ಈ ಸಲ ಫೋಟೋ ತೆಗೆದವರು ಸಹೋದ್ಯೋಗಿ ಆಲ್‌ಫ್ರೆಡ್ ಐಸೆನ್‌ಸ್ಟಾಟ್, ಕ್ಯಾಮರಾದ ಎದುರು ಕೂತವರು ಇವರು. 1971ರಲ್ಲಿ ತೀರಿಕೊಂಡರು.