ಹೊಲದ ಬದಿಯ ಈ ಹಳದಿ ಹೂವು ಡ್ಯಾಂಡೆಲಿಯನ್ನಾ? ಟೀ ಮಾಡಿ ಕುಡಿಯಬಹುದಾ?

ನಂದಿತಪ್ಪಲು

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ ಒಂದು ಹಳ್ಳಿ. ಈಚೆಗೆ ಯೂಟ್ಯೂಬ್ ತೆರೆದರೆ ಡ್ಯಾಂಡೆಲಿಯನ್ ಟೀ ವಿಡಿಯೊಗಳೇ ಬರುತ್ತಿವೆ. ಎಲೆಯನ್ನು ಸೊಪ್ಪಿನ ಹಾಗೆ ಬೇಯಿಸುತ್ತಾರೆ, ಹೂವಿನಲ್ಲಿ ಬೋಂಡ ಕರಿಯುತ್ತಾರೆ, ಬೇರು ಹುರಿದು ಕಾಫಿ ಥರ ಕುಡಿಯುತ್ತಾರೆ. ಲಿವರ್ ಕ್ಲೀನ್ ಆಗುತ್ತೆ ಅಂತಲೂ ಹೇಳುತ್ತಾರೆ. ಪುಡಿ ತರಿಸೋಣ ಅಂತ ಆನ್‌ಲೈನ್‌ನಲ್ಲಿ ನೋಡಿದರೆ ಬೆಲೆ ಜಾಸ್ತಿ.

ನಮ್ಮ ದ್ರಾಕ್ಷಿ ತೋಟದ ಬೇಲಿ ಪಕ್ಕ, ಕೆರೆ ಕಾಲುವೆ ದಂಡೆ ಮೇಲೆ, ಅದೇ ಥರ ಹಳದಿ ಹೂವು ಬಿಟ್ಟು ಆಮೇಲೆ ಬಿಳಿ ಉಂಡೆಯಾಗಿ ಗಾಳಿಗೆ ಹಾರಿ ಹೋಗುವ ಗಿಡ ಬೇಕಾದಷ್ಟಿದೆ. ಮಂಡಿ ಎತ್ತರಕ್ಕೆ ಬೆಳೆದಿದೆ. ಕಾಂಡ ಮುರಿದರೆ ಹಾಲು ಬರುತ್ತದೆ. ಇದು ಡ್ಯಾಂಡೆಲಿಯನ್ನಾ? ಅಮ್ಮನಿಗೆ ಶುಗರ್ ಇದೆ, ಬಿಪಿ ಮಾತ್ರೆಯೂ ನಡೆಯುತ್ತಿದೆ. ಅವರಿಗೂ ಟೀ ಮಾಡಿ ಕೊಡಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಗಿಡಗುರುತು_ತುಮಕೂರು

ಮಂಡಿ ಎತ್ತರ ಅಂದಿರಲ್ಲ, ಅಲ್ಲಿಗೇ ಅದು ಡ್ಯಾಂಡೆಲಿಯನ್ ಅಲ್ಲ ಅಂತ ಗೊತ್ತಾಗುತ್ತದೆ. ಡ್ಯಾಂಡೆಲಿಯನ್ ಎಲೆಗಳೆಲ್ಲ ನೆಲಕ್ಕೆ ಅಂಟಿಕೊಂಡು ಬುಡದಲ್ಲೇ ಸುತ್ತ ಹರಡಿರುತ್ತವೆ. ಎಲೆ ಅಂಚಿನ ಹಲ್ಲುಗಳು ಬುಡದ ಕಡೆ ಬಾಗಿರುತ್ತವೆ. ಮಧ್ಯದಿಂದ ಹೂವಿನ ದಂಟು ಮೇಲೆ ಬರುತ್ತದೆ, ಒಳಗೆ ಟೊಳ್ಳು, ಆ ದಂಟಿನಲ್ಲಿ ಒಂದು ಎಲೆಯೂ ಇರಲ್ಲ, ಕವಲೂ ಇರಲ್ಲ, ತುದಿಯಲ್ಲಿ ಒಂದೇ ಹೂವು. ಒಂದು ದಂಟಿಗೆ ಒಂದು ಹೂವು, ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ.

ಅದು ತಂಪು ದೇಶದ ಗಿಡ. ಯುರೋಪಿನಲ್ಲಿ ಹುಲ್ಲುಹಾಸಿನ ಕಳೆ. ನಮ್ಮ ದೇಶದಲ್ಲಾದರೆ ಕಾಶ್ಮೀರ, ಹಿಮಾಚಲದ ಕಡೆ ತಾನಾಗಿ ಬೆಳೆಯುತ್ತದೆ. ನಮ್ಮ ಬಯಲುಸೀಮೆ ಹೊಲದಲ್ಲಿ ಅದನ್ನು ಹುಡುಕುವುದು ಸುಮ್ನೆ ಕಾಲು ನೋವು.

ನೀವು ನೋಡಿದ್ದು ಬಹುಶಃ ಸೋಂಕಸ್ ಅನ್ನುವ ಕಳೆ. ಅದೇ ಕುಟುಂಬದ್ದು. ಉದ್ದ ಕಾಂಡ, ಕಾಂಡವನ್ನು ತಬ್ಬಿಕೊಂಡ ಎಲೆ, ತುದಿಯಲ್ಲಿ ಗೊಂಚಲಾಗಿ ಸಣ್ಣ ಹಳದಿ ಹೂವು, ಮುರಿದರೆ ಹಾಲು. ಹೊರದೇಶಗಳಲ್ಲಿ ಅದರ ಎಳೆ ಎಲೆಯನ್ನೂ ಬೇಯಿಸಿ ತಿನ್ನುತ್ತಾರೆ. ಆದರೆ ಫೋಟೊ ಹಾಕಿ, ಹೂವು ಎಲೆ ಬುಡ ಮೂರೂ ಕಾಣಬೇಕು. ಅಲ್ಲಿಯವರೆಗೆ ಬಾಯಿಗೆ ಹಾಕಬೇಡಿ.

ಇಲ್ಲಿ ಜನ ಇನ್ನೂ ಎರಡು ಗಿಡವನ್ನು ಡ್ಯಾಂಡೆಲಿಯನ್ ಅಂತ ತಪ್ಪು ತಿಳಿಯುತ್ತಾರೆ. ಒಂದು ಗಬ್ಬು ಶಾವಂತಿಗೆ, ನಿಮ್ಮ ಕಡೆ ಗಡ್ಡಿ ಚಾಮಂತಿ ಅನ್ನಬಹುದು, ಗಾಯಕ್ಕೆ ಅರೆದು ಹಚ್ಚುವ ಸೊಪ್ಪು. ಅದರಲ್ಲಿ ಹಾಲು ಬರಲ್ಲ, ಎಲೆ ಒರಟು, ಹೂವಿನ ಮಧ್ಯ ಹಳದಿ ಇದ್ದು ಸುತ್ತ ಬಿಳಿ ಎಸಳು. ಇನ್ನೊಂದು ಇಲಿಕಿವಿ. ಅದರ ಹೂವು ನೇರಳೆ, ಆದರೆ ಬೀಜ ಮಾತ್ರ ಹಾಗೇ ಹಾರುತ್ತದೆ. ಇಲಿಕಿವಿಯಲ್ಲಿ ಲಿವರ್‌ಗೆ ಹಾನಿ ಮಾಡುವ ಅಂಶಗಳಿವೆ. ಲಿವರ್‌ಗೆ ಒಳ್ಳೆಯದು ಅಂತ ಹೋಗಿ ಅದನ್ನೇ ಕುದಿಸಿ ಕುಡಿದರೆ ಏನು ಗತಿ? ಹಾಲು ಬಂತು ಅಂದ ಮಾತ್ರಕ್ಕೆ ತಿನ್ನುವ ಗಿಡ ಅಂತಲೂ ಅಲ್ಲ, ಎಕ್ಕದಲ್ಲೂ ಹಾಲು ಬರುತ್ತದೆ ಅಲ್ವಾ.

ಮಾವಿನತೋಪು_ಅಕ್ಕ

ನಾನು ಶ್ರೀನಿವಾಸಪುರದವಳು. ನಂದಿತಪ್ಪಲು ಅವರೇ, ನಿಮ್ಮ ಊರಲ್ಲೇ ಇಷ್ಟೊಂದು ಸೊಪ್ಪು ಇಟ್ಟುಕೊಂಡು ಎಲ್ಲೋ ಬೆಳೆಯುವ ಸೊಪ್ಪಿಗೆ ಯಾಕೆ ಆಸೆ ಪಡುತ್ತೀರ? ನಮ್ಮ ಕಡೆ ಬೆರಕೆ ಸೊಪ್ಪಿನ ಸಾರು ತಿನ್ನದ ಮನೆ ಇದೆಯಾ? ಮಳೆ ಬಿದ್ದು ರಾಗಿ ಹೊಲ ಹಸಿರಾದ ಮೇಲೆ ಕಳೆ ಕೀಳುವ ಹೆಂಗಸರು ಮಡಿಲು ತುಂಬ ಸೊಪ್ಪು ತರುತ್ತಾರೆ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನ್ನೆ, ಕನ್ನೆ, ಕೊಮ್ಮೆ, ಮುಳ್ಳು ಕೀರೆ, ಗಣಿಕೆ, ಯಾವುದು ಸಿಕ್ಕಿದರೆ ಅದು. ಅದನ್ನೇ ಬೆರಕೆ ಅನ್ನುವುದು. ಒಂದೇ ಜಾತಿ ಸೊಪ್ಪು ಹಾಕಿದರೆ ಆ ರುಚಿ ಬರಲ್ಲ.

ಸೊಪ್ಪು ಬಿಡಿಸುವಾಗ ಎಳೆ ಕುಡಿ ಮಾತ್ರ ಚಿವುಟಿ, ಬೇರು ಸಮೇತ ಕೀಳಬೇಡಿ, ಮುಂದಿನ ವಾರ ಮತ್ತೆ ಚಿಗುರುತ್ತದೆ. ನೀರಿನಲ್ಲಿ ಮುಳುಗಿಸಿ ಮೂರು ನಾಲ್ಕು ಸಲ ತೊಳೆಯಿರಿ, ಮಣ್ಣು ತಳಕ್ಕೆ ಇಳಿಯುತ್ತದೆ, ಸೊಪ್ಪನ್ನು ಮೇಲಿನಿಂದ ಎತ್ತಿಕೊಳ್ಳಬೇಕು. ತೊಗರಿಬೇಳೆ ಅರ್ಧ ಬೆಂದಾಗ ಸೊಪ್ಪು, ಹಸಿಮೆಣಸಿನಕಾಯಿ, ಈರುಳ್ಳಿ, ಟೊಮೆಟೊ ಹಾಕಿ ಬೇಯಿಸಿ. ನೀರು ಬೇರೆ ಬಸಿದಿಟ್ಟುಕೊಂಡು ಕಡಗೋಲಿನಲ್ಲಿ ಚೆನ್ನಾಗಿ ಮಸೆಯಬೇಕು. ಮಿಕ್ಸಿಗೆ ಹಾಕಿದರೆ ಅಂಟಂಟಾಗುತ್ತದೆ, ನನಗಂತೂ ಆಗಲ್ಲ. ಆಮೇಲೆ ಬಸಿದ ನೀರು ಸೇರಿಸಿ, ಸ್ವಲ್ಪ ಹುಣಸೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ. ಬಿಸಿ ಮುದ್ದೆ ಇದ್ದರೆ ಇನ್ನೇನೂ ಬೇಡ. ಅವರೆಕಾಯಿ ಕಾಲದಲ್ಲಿ ಬೇಳೆ ಬದಲು ಅವರೆಕಾಳು ಹಾಕಿದರೆ ಇನ್ನೂ ಚೆನ್ನ.

ಕಹಿ ಸೊಪ್ಪು ಏನಾದರೂ ಇದ್ದರೆ ಒಂದು ಹಿಡಿ ಸಾಕು, ಮಿಕ್ಕಿದ್ದು ಅಣ್ಣೆ ಕೀರೆ ಇರಲಿ. ಗಣಿಕೆಯಲ್ಲಿ ಹಸಿರು ಕಾಯಿ ತೆಗೆದುಬಿಡಿ. ಎಳೆ ಉಮ್ಮತ್ತಿ ಗಿಡ ಸೊಪ್ಪಿನ ರಾಶಿಯಲ್ಲಿ ಸೇರಿಕೊಳ್ಳದಂತೆ ನೋಡಿಕೊಳ್ಳಿ, ಅದು ವಿಷ. ಫೋನ್ ನೋಡಿ ಸೊಪ್ಪು ಕಲಿಯಬೇಡಿ. ಪಕ್ಕದ ಮನೆ ಅಜ್ಜಿಯ ಜೊತೆ ಒಂದು ಮಳೆಗಾಲ ಹೊಲಕ್ಕೆ ಹೋಗಿ. ಆ ಅಜ್ಜಿಯರು ಇರುವಾಗಲೇ ಕಲಿತುಕೊಳ್ಳಬೇಕು, ನಮ್ಮ ಮಕ್ಕಳಿಗೆ ಗೋಣಿ ಯಾವುದು ಹೊನಗೊನ್ನೆ ಯಾವುದು ಅಂತ ಗೊತ್ತಿಲ್ಲ ಅಂದರೆ ನನಗೆ ನಿಜವಾಗಲೂ ಸಂಕಟ ಆಗುತ್ತದೆ.

ಗಡಿಸೇವೆ_ಕೋಲಾರ

ಅಕ್ಕ ಹೇಳಿದ್ದು ನಿಜ. ಆದರೆ ಡ್ಯಾಂಡೆಲಿಯನ್ ಬಗ್ಗೆಯೂ ಒಂದು ಮಾತು ಹೇಳುತ್ತೇನೆ, ಯಾಕೆಂದರೆ ನಾನು ಸೇನೆಯಲ್ಲಿದ್ದಾಗ ಕಾಶ್ಮೀರದಲ್ಲಿ ಅದನ್ನು ತಿಂದಿದ್ದೇನೆ. ಅಲ್ಲಿ ಅದಕ್ಕೆ ಹಂದ್ ಅನ್ನುತ್ತಾರೆ. ಹಿಮ ಕರಗಿ ನೆಲ ಕಂಡ ಕೂಡಲೇ ಹೆಂಗಸರು ಚಾಕು ಬುಟ್ಟಿ ಹಿಡಿದು ಹೊಲಕ್ಕೆ ಬರುತ್ತಾರೆ. ಥೇಟ್ ನಮ್ಮ ಬೆರಕೆ ಸೊಪ್ಪಿನ ಹೆಂಗಸರೇ. ಹೂವು ಬಿಡುವ ಮುಂಚೆ ಎಲೆ ಎಳೆಯದಾಗಿರುತ್ತದೆ, ಕಹಿ ಕಡಿಮೆ. ಹೂವು ಬಿಟ್ಟ ಮೇಲೆ ಕಹಿ ಏರುತ್ತದೆ. ಕುದಿಸಿ ನೀರು ಹಿಂಡಿ, ಎಣ್ಣೆಯಲ್ಲಿ ಬಾಡಿಸಿ ಅನ್ನದ ಜೊತೆ ತಿನ್ನುತ್ತಾರೆ, ಮಾಂಸದ ಜೊತೆಗೂ ಹಾಕುತ್ತಾರೆ. ಬಾಣಂತಿಯರಿಗೆ ವಿಶೇಷವಾಗಿ ಮಾಡಿ ಕೊಡುತ್ತಾರೆ. ಒಣಗಿಸಿ ಚಳಿಗಾಲಕ್ಕೂ ಇಟ್ಟುಕೊಳ್ಳುತ್ತಾರೆ.

ಬೇರಿನ ಕಾಫಿ ರುಚಿ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ದೂರ ಹೋಗಬೇಕಾಗಿಲ್ಲ. ನಮ್ಮ ಫಿಲ್ಟರ್ ಕಾಫಿ ಪುಡಿಗೆ ಬೆರೆಸುವ ಚಿಕೋರಿ ಕೂಡ ಅದೇ ಕುಟುಂಬದ ಗಿಡದ ಹುರಿದ ಬೇರು. ಎರಡರಲ್ಲೂ ಇನ್ಯುಲಿನ್ ಅನ್ನುವ ನಾರು ಇದೆ, ಹುರಿದಾಗ ಆ ಕಂದು ಬಣ್ಣ, ಸುಟ್ಟ ಸಕ್ಕರೆ ವಾಸನೆ ಬರುತ್ತದೆ. ಕೆಫೀನ್ ಇರಲ್ಲ.

ಔಷಧಿಅಂಗಡಿ

ನಾನು ಫಾರ್ಮಸಿಸ್ಟ್. ಅಮ್ಮನ ವಿಷಯ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಅವರ ಡಾಕ್ಟರನ್ನು ಕೇಳದೆ ಕೊಡಬೇಡಿ. ಡ್ಯಾಂಡೆಲಿಯನ್ ಎಲೆ ಮೂತ್ರ ಜಾಸ್ತಿ ಮಾಡಿಸುತ್ತದೆ, ಅದರಲ್ಲಿ ಪೊಟ್ಯಾಸಿಯಂ ಕೂಡ ಚೆನ್ನಾಗಿದೆ. ಕೆಲವು ಬಿಪಿ ಮಾತ್ರೆಗಳು ಮೈಯಲ್ಲಿ ಪೊಟ್ಯಾಸಿಯಂ ಉಳಿಸುತ್ತವೆ. ಎರಡೂ ಸೇರಿದರೆ, ಅದರಲ್ಲೂ ಕಿಡ್ನಿ ಸ್ವಲ್ಪ ವೀಕ್ ಇದ್ದರೆ, ತೊಂದರೆ. ಶುಗರ್ ಮಾತ್ರೆಯ ಜೊತೆಯೂ ಎಚ್ಚರ ಇರಬೇಕು. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರಿಗೆ ಆ ಎಲೆಯ ವಿಟಮಿನ್ ಕೆ ಲೆಕ್ಕ ತಪ್ಪಿಸುತ್ತದೆ. ಪಿತ್ತಕೋಶದಲ್ಲಿ ಕಲ್ಲಿದ್ದರೂ ಬೇಡ.

ಇನ್ನೊಂದು ವಿಷಯ, ನಮ್ಮ ಜಿಲ್ಲೆಗಳಿಗೆ ಮುಖ್ಯ. ಪಾರ್ಥೇನಿಯಂ ತಗುಲಿದರೆ ಮೈ ಕೆರೆತ, ಚರ್ಮ ಕಪ್ಪಾಗುವುದು ಇರುವವರು ನಮ್ಮಲ್ಲಿ ತುಂಬ ಜನ ಇದ್ದಾರೆ. ಡ್ಯಾಂಡೆಲಿಯನ್ನೂ ಅದೇ ಕುಟುಂಬ, ಅಲರ್ಜಿ ಮಾಡುವ ಅಂಶವೂ ಅದೇ ಗುಂಪಿನದ್ದು. ಅಂಥವರು ಈ ಟೀ ಮುಟ್ಟದಿರುವುದೇ ಒಳ್ಳೆಯದು.

ಲಿವರ್ ಕ್ಲೀನ್ ಆಗುತ್ತೆ ಅನ್ನುವುದಕ್ಕೆ ಮನುಷ್ಯರ ಮೇಲೆ ನಡೆದ ಗಟ್ಟಿ ಪರೀಕ್ಷೆಯ ಆಧಾರ ಇಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯವನ್ನು ದಿನಾ ಕುಡಿದು ಲಿವರ್ ಕೆಟ್ಟವರ ಬಗ್ಗೆ ವೈದ್ಯರೇ ವರದಿ ಮಾಡಿದ್ದರು. ಗಿಡದ್ದು ಅಂದ ಕೂಡಲೇ ನಿರಪಾಯ ಅಲ್ಲ. ಅಕ್ಕ ಹೇಳಿದ ಸೊಪ್ಪಿಗೂ ಒಂದು ಮಾತು: ಕಿಡ್ನಿ ಸ್ಟೋನ್ ಇರುವವರಿಗೆ ಗೋಣಿ, ಕೀರೆ ಜಾತಿಯಲ್ಲಿ ಕಲ್ಲು ಕಟ್ಟಿಸುವ ಆಕ್ಸಲೇಟ್ ಅನ್ನುವ ಅಂಶ ಜಾಸ್ತಿ, ಬೇಯಿಸಿದ ನೀರು ಚೆಲ್ಲಿ ಮಿತವಾಗಿ ತಿನ್ನಿ.

ನಂದಿತಪ್ಪಲು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಫೋಟೊ ಹಾಕಿದ್ದೇನೆ ನೋಡಿ. ಅಮ್ಮನಿಗೆ ಟೀ ಕೊಡಲ್ಲ. ಬೆರಕೆ ಸೊಪ್ಪು ಅಂದರೆ ಅಮ್ಮನಿಗೆ ಪ್ರಾಣ, ನಾವೇ ಮರೆತುಬಿಟ್ಟಿದ್ದೆವು. ಆದರೆ ಕೀಳುವುದು ಎಲ್ಲಿ? ದ್ರಾಕ್ಷಿ ತೋಟದಲ್ಲಿ ವಾರ ವಾರ ಔಷಧಿ ಹೊಡೆಯುತ್ತೇವೆ.

ರೇಷ್ಮೆಮನೆ_ಶಿಡ್ಲಘಟ್ಟ

ದ್ರಾಕ್ಷಿ, ಟೊಮೆಟೊ ತೋಟದ ಸೊಪ್ಪು ಬೇಡವೇ ಬೇಡ ಅಣ್ಣ. ಮಾವಿನ ತೋಪಿನಲ್ಲೂ ಈಗ ಕಳೆನಾಶಕ ಹೊಡೆಯುತ್ತಾರೆ, ಹೊಡೆದ ಒಂದೆರಡು ದಿನ ಸೊಪ್ಪು ಹಸಿರಾಗೇ ಕಾಣುತ್ತದೆ, ನೋಡಿ ಗೊತ್ತಾಗಲ್ಲ. ನಮ್ಮ ಕಡೆ ಹಿಪ್ಪುನೇರಳೆ ತೋಟದ ಸಾಲಿನ ಮಧ್ಯೆ ಕೀಳುತ್ತಾರೆ. ಎಲೆಗೆ ಔಷಧಿ ತಾಗಿದರೆ ಅದನ್ನು ತಿನ್ನುವ ರೇಷ್ಮೆ ಹುಳು ಸಾಯುತ್ತದಲ್ಲ, ಅದಕ್ಕೆ ರೈತ ಸುಮ್ಮಸುಮ್ಮನೆ ಹೊಡೆಯಲ್ಲ. ಹಾಗಂತ ಹೊಡೆಯುವುದೇ ಇಲ್ಲ ಅಂತಲ್ಲ, ಕಟಾವಾದ ಮೇಲೆ ಕೆಲವರು ಹೊಡೆಯುತ್ತಾರೆ. ತೋಟದವರನ್ನು ಕೇಳಿಯೇ ಕೀಳಿ. ಮಳೆ ಆಶ್ರಯದ ರಾಗಿ ಹೊಲದ ಬದು ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕೆರೆ ಕಾಲುವೆ ಅಂದಿರಿ, ಅದೂ ನೋಡಿಕೊಳ್ಳಿ. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ನೀರು ಬರುತ್ತಿದೆ, ಚಿಕ್ಕಬಳ್ಳಾಪುರದ ಕಡೆ ಎಚ್.ಎನ್. ವ್ಯಾಲಿ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಅಂತರ್ಜಲ ತುಂಬಲು ಬಿಡುವ ನೀರು ಅದು, ಕುಡಿಯುವುದಕ್ಕಲ್ಲ. ಹೊನಗೊನ್ನೆ ಥರದ ಸೊಪ್ಪು ನೀರಿನ ಅಂಚಲ್ಲೇ ದಟ್ಟವಾಗಿ ಬೆಳೆಯುತ್ತದೆ, ನೋಡಿದರೆ ಆಸೆಯಾಗುತ್ತದೆ, ಆದರೆ ಅಂಥ ಕಾಲುವೆ ದಂಡೆಯದ್ದು ನಾನು ಮನೆಗೆ ತರಲ್ಲ. ಹೆದ್ದಾರಿ ಪಕ್ಕದ್ದೂ ಅಷ್ಟೇ.

ಗಿಡಗುರುತು_ತುಮಕೂರು

ಫೋಟೊ ನೋಡಿದೆ. ಸೋಂಕಸ್ಸೇ. ಎಲೆ ಕಾಂಡವನ್ನು ತಬ್ಬಿರುವುದು ಸ್ಪಷ್ಟವಾಗಿದೆ. ಕಾಲುವೆ ದಂಡೆಯದ್ದಾದ್ದರಿಂದ ಬಿಟ್ಟುಬಿಡಿ.

ಬೇರಿಗಾಗಿ ಗುಡ್ಡ ಹತ್ತುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬೇಡ. ನಮ್ಮ ದೇವರಾಯನದುರ್ಗ, ಸಿದ್ದರಬೆಟ್ಟದ ಕಡೆ ಟೀಗೆ ಅಂತ ಗಿಡ ಹುಡುಕಿಕೊಂಡು ಬರುವವರು ಇದ್ದಾರೆ. ಎಲೆ ಕಿತ್ತರೆ ಚಿಗುರುತ್ತದೆ, ಬೇರು ಅಗೆದರೆ ಗಿಡವೇ ಹೋಯಿತು. ಉಪ್ಪಿನಕಾಯಿಗೆ ಅಂತ ಅಗೆದು ಅಗೆದು ಮಾಕಳಿ ಬೇರು ಕಾಡಿನಲ್ಲಿ ಸಿಗುವುದೇ ಕಷ್ಟ ಆಗಿದೆ.

ಡ್ಯಾಂಡೆಲಿಯನ್ ರುಚಿ ನೋಡಲೇಬೇಕು ಅಂದರೆ ಬೀಜ ತರಿಸಿ ಕುಂಡದಲ್ಲಿ ಹಾಕಿ. ನವೆಂಬರ್‌ನಲ್ಲಿ ಬಿತ್ತಿ, ಚಳಿ ಇರುವಾಗ ಎಲೆ ಚೆನ್ನಾಗಿ ಬರುತ್ತದೆ. ಬೇರು ನೇರ ಕೆಳಗಿಳಿಯುತ್ತದೆ, ಅದಕ್ಕೆ ಆಳದ ಕುಂಡ ಬೇಕು. ಬೀಜದ ಮೇಲೆ ಮಣ್ಣು ದಪ್ಪಗೆ ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ನೆರಳು ಮಾಡಿ. ಟೀಗೆ ಎಲೆಯನ್ನು ನೆರಳಲ್ಲಿ ಒಣಗಿಸಿ, ಒಂದು ಲೋಟ ಬಿಸಿ ನೀರಿಗೆ ಒಂದು ಚಮಚ ಹಾಕಿ ಐದು ಹತ್ತು ನಿಮಿಷ ಮುಚ್ಚಿಟ್ಟು ಸೋಸಿದರೆ ಆಯಿತು. ಹೂವು ಬಿಟ್ಟ ಮೇಲೆ ಬಿಳಿ ಉಂಡೆ ಆಗುವ ಮುಂಚೆ ಕತ್ತರಿಸಿ, ಪಕ್ಕದವರ ಹೊಲಕ್ಕೆ ಇನ್ನೊಂದು ಕಳೆ ಹಾರಿಸುವುದು ಬೇಡ.