ಗುಲ್ಮಾರ್ಗ್‌ನಲ್ಲಿ ಸ್ಕೀ ಕಲಿಯೋಕೆ ಕ್ರಿಸ್ಮಸ್ ರಜೆಯೋ, ಫೆಬ್ರವರಿಯೋ? ಹಿಮ ಎಷ್ಟು ಖಾತ್ರಿ?

ಸೋಮವಾರಪೇಟೆ_ಅರೇಬಿಕಾ

ನಾವು ನಾಲ್ವರು: ಇಬ್ಬರು ದೊಡ್ಡವರು, 9 ಮತ್ತು 12ರ ಇಬ್ಬರು ಮಕ್ಕಳು. ಯಾರೂ ಸ್ಕೀ ಮುಟ್ಟಿದವರಲ್ಲ. ಐದು ದಿನ ಗುಲ್ಮಾರ್ಗ್‌ನಲ್ಲಿ ಕಲಿಯುವ ಯೋಚನೆ. ಮಕ್ಕಳ ರಜೆ ಡಿಸೆಂಬರ್ ಕೊನೆಗೆ, ಆದರೆ ಆಗ ಕಾಫಿ ಕೊಯ್ಲು ಅರ್ಧದಲ್ಲಿರುತ್ತದೆ. ಕೊಯ್ಲು ಮುಗಿಸಿ ಫೆಬ್ರವರಿಗೆ ಹೋದರೆ ಶಾಲೆ ತಪ್ಪುತ್ತದೆ. ಏಜೆಂಟ್ "ಡಿಸೆಂಬರ್‌ನಲ್ಲಿ ಸ್ನೋ ಗ್ಯಾರಂಟಿ, ಮೂರು ಅಡಿ ಇರುತ್ತದೆ" ಅನ್ನುತ್ತಿದ್ದಾರೆ. ಎಷ್ಟು ನಿಜ? ಉತ್ತರಾಖಂಡದ ಔಲಿಯಲ್ಲಿ ಯಂತ್ರದಿಂದ ಹಿಮ ಮಾಡುತ್ತಾರಂತೆ, ಅದು ಹೆಚ್ಚು ಭದ್ರವೇ?

ಮೂರ್ನಾಡು_ಮಳೆಲೆಕ್ಕ

ಮಾರ್ಚ್ 5ಕ್ಕೆ ಕಾಫಿ ಹೂ ಅರಳಿಸುವ ಹೂಮಳೆ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ನಂಬುತ್ತೀರಾ ಮಾರಾಯ್ರೆ? ಇದೂ ಹಾಗೇ.

ಕಾಶ್ಮೀರದ ಹಿಮ ನಮ್ಮ ಮುಂಗಾರಿನ ಹಾಗೆ ತಿಂಗಳುಗಟ್ಟಲೆ ಬಿಡದೆ ಬೀಳುವುದಲ್ಲ. ಮೆಡಿಟರೇನಿಯನ್ ಕಡೆಯಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಒಂದೊಂದೇ ಬಂದು, ಎರಡು ಮೂರು ದಿನ ಸುರಿಸಿ ಹೋಗುತ್ತದೆ. ಎರಡರ ನಡುವೆ ವಾರಗಟ್ಟಲೆ ಬಿಸಿಲು. ಡಿಸೆಂಬರ್ ಕೊನೆಯ ಹೊತ್ತಿಗೆ ಇಂಥ ಒಂದೋ ಎರಡೋ ಬಂದಿದ್ದರೆ ನಿಮ್ಮ ಅದೃಷ್ಟ. ಒಂದು ತಪ್ಪಿದರೆ ಕೆಳಗೆ ಒಣಹುಲ್ಲೇ. ಫೆಬ್ರವರಿಗೆ ಆರೇಳು ಬಂದು ಹೋಗಿರುತ್ತವೆ, ಒಂದೆರಡು ಕೈಕೊಟ್ಟರೂ ಅಡಿಪಾಯ ಉಳಿದಿರುತ್ತದೆ. ತಿಂಗಳುಗಳ ನಡುವಿನ ವ್ಯತ್ಯಾಸ ಇಷ್ಟೇ.

21 ಡಿಸೆಂಬರ್‌ಗೆ ಶುರುವಾಗುವ 40 ದಿನದ ಚಿಲ್ಲೈ ಕಲಾನ್ ಅತಿ ಚಳಿಯ ಕಾಲ. ಚಳಿ ಇದೆ ಅಂದ ಮಾತ್ರಕ್ಕೆ ಹಿಮ ಇದೆ ಅಂತಲ್ಲ. 2024ರ ಜನವರಿ ಮೊದಲ ಅರ್ಧದಲ್ಲಿ ಗುಲ್ಮಾರ್ಗ್ ಬಯಲು ಬೋಳಾಗಿತ್ತು, ಹಿಮ ಬಿದ್ದದ್ದು ತಿಂಗಳ ಕೊನೆಗೆ. ಫೆಬ್ರವರಿಯೂ ಪೂರಾ ನಿಶ್ಚಿತ ಅಲ್ಲ: 2025ರ ಫೆಬ್ರವರಿ 22ಕ್ಕೆ ಇಟ್ಟಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮವಿಲ್ಲದೆ ಮಾರ್ಚ್‌ಗೆ ತಳ್ಳಿದರು.

ಆದರೂ ಒಂದನ್ನೇ ಆರಿಸಬೇಕಾದರೆ ಫೆಬ್ರವರಿ 5ರಿಂದ 20ರ ಒಳಗೆ. ಅರೇಬಿಕಾ ನಿಮ್ಮದು, ಅಷ್ಟರಲ್ಲಿ ಕಣದ ಕೆಲಸವೂ ಮುಗಿದಿರುತ್ತದೆ. ಕೊಯ್ಲು ತಡವಾಗಿ ಮುಗಿಯುವ ರೋಬಸ್ಟಾದವರಾಗಿದ್ದರೆ ಈ ಮಾತು ಹೇಳುತ್ತಿರಲಿಲ್ಲ.

ಸೋಮವಾರಪೇಟೆ_ಅರೇಬಿಕಾ

ಸರಿ. ಆದರೆ "ಮೂರು ಅಡಿ" ಅಂದರೆ ಎಲ್ಲಿ ಅಳೆದದ್ದು ಅಂತ ಕೇಳಿದರೆ ಉತ್ತರ ಇಲ್ಲ.

ಗಾಳಿಬೀಡು_ಗೇಜ್

ಸರಿಯಾದ ಪ್ರಶ್ನೆ ಕೇಳಿದ್ದೀರಿ. ಗುಲ್ಮಾರ್ಗ್‌ನಲ್ಲಿ ಮೂರು ಎತ್ತರ ಇವೆ. ಕೆಳಗಿನ ಬಯಲು ಸುಮಾರು 2,650 ಮೀಟರ್, ಗೊಂಡೋಲಾದ (ಕೇಬಲ್ ಕಾರ್) ಮೊದಲ ಹಂತ ಮುಗಿಯುವ ಕೊಂಗ್‌ಡೂರಿ ಸುಮಾರು 3,050, ಎರಡನೇ ಹಂತ ಅಫರ್ವಾಟ್ ಬೆಟ್ಟದಲ್ಲಿ 3,900 ದಾಟುತ್ತದೆ. ಏಜೆಂಟರ ಫೋಟೋಗಳೆಲ್ಲ ಮೇಲಿನವು. ಹೊಸಬರು ಕಲಿಯುವುದು ಕೆಳಗಿನ ಬಯಲಲ್ಲಿ. ಸಾವಿರ ಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ, ಅಂದರೆ ಬಯಲಿಗೂ ಕೊಂಗ್‌ಡೂರಿಗೂ ಎರಡೂವರೆ ಡಿಗ್ರಿ ಅಂತರ. ಕೆಳಗೆ ಮಳೆ, ಮೇಲೆ ಹಿಮ ಆಗಲು ಅಷ್ಟು ಸಾಕು. ಹವಾಮಾನ ಆ್ಯಪ್‌ಗಳಲ್ಲಿ ಸೊನ್ನೆ ಡಿಗ್ರಿಯ ಎತ್ತರ ಕೊಡುತ್ತಾರೆ. ಅದಕ್ಕಿಂತ 200–300 ಮೀಟರ್ ಕೆಳಗಿನವರೆಗೂ ಹಿಮವಾಗಿಯೇ ಬೀಳುತ್ತದೆ ಅಂತ ಲೆಕ್ಕ ಹಾಕಿ. ಹಿಮ ಬೀಳುವ ಆ ಕೆಳಗಿನ ಗೆರೆ 2,600ರ ಆಸುಪಾಸಿನಲ್ಲಿದ್ದರೆ ಬಯಲು ಕೆಸರು.

ಆಳದ ಲೆಕ್ಕ ನಮ್ಮವರಿಗೆ ಸುಲಭ. ಮಳೆಮಾಪಕದ 1 ಇಂಚು ನೀರು ಸುಮಾರು 10 ಇಂಚು ಹೊಸ ಹಿಮಕ್ಕೆ ಸಮ. ಒಣ ಹಿಮವಾದರೆ ಇನ್ನೂ ಜಾಸ್ತಿ, ಒದ್ದೆ ಹಿಮವಾದರೆ ಕಡಿಮೆ. ಮೂರಡಿ ಹೊಸ ಹಿಮ ಅಂದರೆ ಮೂರೂವರೆ ಇಂಚು ಮಳೆ. ಜುಲೈಯಲ್ಲಿ ಭಾಗಮಂಡಲದವರು ಅದನ್ನು ಮಳೆ ಅಂತಲೂ ಕರೆಯಲಿಕ್ಕಿಲ್ಲ. ಬಿದ್ದ ಹಿಮ ತನ್ನ ಭಾರಕ್ಕೇ ಕುಸಿಯುತ್ತದೆ, ತುಳಿದು ಒತ್ತಿದ ಮೇಲೆ ಮೂರಡಿ ಒಂದಡಿಗೆ ಬರುತ್ತದೆ. ಹುಲ್ಲುಬಯಲಲ್ಲಿ ಕಲಿಯಲು ಒತ್ತಿದ ಒಂದಡಿ, ಅಂದರೆ 30 ಸೆ.ಮೀ., ಸಾಕು. ಕಲ್ಲು ಬುಡಗಳಿರುವ ಇಳಿಜಾರಿಗೆ ಒಂದು ಮೀಟರ್ ಆದರೂ ಬೇಕು, ಇಲ್ಲದಿದ್ದರೆ ಬಾಡಿಗೆ ಸ್ಕೀಯ ತಳ ಸೀಳಿ ದಂಡ ಕಟ್ಟುತ್ತೀರಿ.

ಸ್ವಿಟ್ಜರ್ಲೆಂಡಿನಲ್ಲಿ ಖಾತ್ರಿಗೆ ಒಂದು ಅಳತೆಗೋಲಿದೆ: ಡಿಸೆಂಬರ್ 1ರಿಂದ ಏಪ್ರಿಲ್ 15ರ ನಡುವೆ ಕನಿಷ್ಠ 100 ದಿನ, 30 ಸೆ.ಮೀ. ಹಿಮ, 10 ಚಳಿಗಾಲಗಳಲ್ಲಿ 7ರಲ್ಲಾದರೂ ಇರಬೇಕು. ಹತ್ತರಲ್ಲಿ ಮೂರು ವರ್ಷ ಕೈಕೊಟ್ಟರೂ ಅವರ ಲೆಕ್ಕದಲ್ಲಿ ಅದು ಖಾತ್ರಿಯೇ! "ಗ್ಯಾರಂಟಿ" ಅನ್ನುವವರಿಗೆ ಇದನ್ನು ಕಳಿಸಿ.

ಹೊರಡುವ ಮುಂಚೆ ಕಣ್ಣಾರೆ ನೋಡಬೇಕಿದ್ದರೆ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಸುಮಾರು ಐದು ದಿನಕ್ಕೊಮ್ಮೆ ಹೊಸದು. ಮಾಮೂಲಿ ಬಣ್ಣದಲ್ಲಿ ಮೋಡ, ಹಿಮ ಎರಡೂ ಬಿಳಿ. ಶಾರ್ಟ್‌ವೇವ್ ಇನ್‌ಫ್ರಾರೆಡ್ ಬಣ್ಣಕ್ಕೆ ಬದಲಿಸಿದರೆ ಹಿಮ ನೀಲಿಯಾಗಿ ಬೇರೆ ಕಾಣುತ್ತದೆ. ಹೋಟೆಲಿಗೆ ಫೋನ್ ಮಾಡುವವರು "ಮಂಜು ಇದೆಯಾ" ಅನ್ನುವ ಅರ್ಥದಲ್ಲಿ ಕೇಳಬೇಡಿ, ಮಂಜು ಮಡಿಕೇರಿಯಲ್ಲೇ ಬೇಕಾದಷ್ಟಿದೆ. "ಬಯಲಲ್ಲಿ ಡ್ರ್ಯಾಗ್ ಲಿಫ್ಟ್ (ಸ್ಕೀ ಮಾಡುವವರನ್ನು ಮೇಲಕ್ಕೆ ಎಳೆಯುವ ಯಂತ್ರ) ಇವತ್ತು ಓಡುತ್ತಿದೆಯಾ" ಅಂತ ಕೇಳಿ.

ಸ್ಪ್ರಿಂಕ್ಲರ್_ಸುಂಟಿಕೊಪ್ಪ

ಔಲಿಯ ಯಂತ್ರದ ಬಗ್ಗೆ. ಹೂಮಳೆ ಬಾರದಿದ್ದರೆ ನಾವು ಸ್ಪ್ರಿಂಕ್ಲರ್ ಹಾಕುವ ಹಾಗೆಯೇ ಅದು, ಆದರೆ ಷರತ್ತು ಎರಡು.

ಮೊದಲನೆಯದು ಚಳಿ. ನೀರನ್ನು ಸಣ್ಣ ಹನಿ ಮಾಡಿ ಗಾಳಿಗೆ ಎರಚಿದಾಗ, ನೆಲಕ್ಕೆ ಮುಟ್ಟುವಷ್ಟರಲ್ಲಿ ಹನಿ ಹೆಪ್ಪುಗಟ್ಟಬೇಕು. ಇಲ್ಲಿ ನೋಡುವುದು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್, ಅಂದರೆ ವೆಟ್ ಬಲ್ಬ್. ಅದು ಮೈನಸ್ 2.5ರ ಹತ್ತಿರ ಬಂದರೆ ಶುರು ಮಾಡಬಹುದು, ಮೈನಸ್ 6–7ಕ್ಕೆ ಇಳಿದರೆ ಒಳ್ಳೆಯ ಹಿಮ. ಗಾಳಿ ಒಣಗಿದ್ದರೆ ಮಾಮೂಲಿ ಥರ್ಮಾಮೀಟರ್ ಸೊನ್ನೆ ತೋರಿಸುವಾಗಲೂ ಆಗುತ್ತದೆ. ತೇವ ಇದ್ದರೆ ಮೈನಸ್ 1ರಲ್ಲೂ ಬರೀ ನೀರು.

ಎರಡನೆಯದು ನೀರು. ಒಂದು ಎಕರೆಗೆ ಒಂದಡಿ ಯಂತ್ರದ ಹಿಮ ಹಾಸಲು ಸುಮಾರು 5 ಲಕ್ಷ ಲೀಟರ್ ಬೇಕು. ಎಕರೆಗೆ ಒಂದಿಂಚು ನೀರಾವರಿ ಅಂದರೆ ಒಂದು ಲಕ್ಷ ಲೀಟರ್ ಚಿಲ್ಲರೆ, ಹಾಗಾಗಿ ಐದು ಸುತ್ತು ಸ್ಪ್ರಿಂಕ್ಲರ್ ಹಾಕಿದಷ್ಟು. ಕೆರೆ ಚಿಕ್ಕದಿದ್ದರೆ ಪಂಪ್ ಎಷ್ಟು ದೊಡ್ಡದಿದ್ದೂ ಪ್ರಯೋಜನ ಇಲ್ಲ, ಇದು ನಿಮಗೆ ಗೊತ್ತಿರುವ ವಿಷಯ.

ಔಲಿಯ ಯಂತ್ರಗಳು 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಕಾಲದವು. ಅವು ಇದ್ದೂ 2023ರಲ್ಲಿ ಅಲ್ಲಿ ನಡೆಯಬೇಕಿದ್ದ ರಾಷ್ಟ್ರೀಯ ಸ್ಪರ್ಧೆ ಹಿಮವಿಲ್ಲದೆ ರದ್ದಾಯಿತು. ಔಲಿ 2,500ರಿಂದ 3,050 ಮೀಟರ್, ಅಂದರೆ ಗುಲ್ಮಾರ್ಗ್‌ನಲ್ಲಿರುವ ಮೇಲಿನ ಹಂತ ಅಲ್ಲಿಲ್ಲ. ಯಂತ್ರದ ಮೇಲೆ ನಂಬಿಕೆ ಇಟ್ಟು ಔಲಿ ಆರಿಸಬೇಡಿ. ಮನಾಲಿ ಹತ್ತಿರದ ಸೋಲಂಗ್ ಒಂದು ದಿನದ ಆಟಕ್ಕೆ ಸರಿ, ಐದು ದಿನದ ಕಲಿಕೆಗಲ್ಲ.

ಮೂರ್ನಾಡು_ಮಳೆಲೆಕ್ಕ

ಒಂದು ಎಚ್ಚರಿಕೆ ಸೇರಿಸುತ್ತೇನೆ. ಭಾರೀ ಹಿಮ ಬಿದ್ದ ಮರುದಿನ ಎಲ್ಲರಿಗೂ ಅಫರ್ವಾಟ್ ಏರುವ ಆಸೆ. ಹಿಮಕುಸಿತದ ಅಪಾಯ ಅತಿ ಹೆಚ್ಚಿರುವುದು ಬಿದ್ದ ಮೊದಲ 24–48 ಗಂಟೆ. ಗಾಳಿ ಹಿಮವನ್ನು ಹೊತ್ತು ಮರೆಯ ಬದಿಗೆ ದಪ್ಪವಾಗಿ ಪೇರಿಸುತ್ತದೆ, 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆ ಪದರ ಹಲಗೆಯ ಹಾಗೆ ಕಿತ್ತು ಬರುತ್ತದೆ. 2023ರ ಫೆಬ್ರವರಿ 1ರಂದು ಅಲ್ಲೇ ಹಿಮಕುಸಿತಕ್ಕೆ ಸಿಕ್ಕಿ ಇಬ್ಬರು ಪೋಲೆಂಡಿನ ಸ್ಕೀಯರ್‌ಗಳು ತೀರಿಹೋದರು. ನಿಮ್ಮ ನಾಲ್ವರಿಗೆ ಎರಡನೇ ಹಂತದಲ್ಲಿ ಸ್ಕೀ ಮಾಡುವ ಕೆಲಸವೇ ಇಲ್ಲ. ನೋಡಿಕೊಂಡು ಅದೇ ಗೊಂಡೋಲಾದಲ್ಲಿ ಇಳಿಯಿರಿ. ಜೋರು ಗಾಳಿಗೆ ಅದು ನಿಲ್ಲುವುದೂ ಮಾಮೂಲು.

ಸೋಮವಾರಪೇಟೆ_ಅರೇಬಿಕಾ

ಫೆಬ್ರವರಿ ಎರಡನೇ ವಾರ ಅಂತ ಇಟ್ಟುಕೊಂಡೆ. ಐದು ದಿನ ಸಾಕಾ?

ಗಾಳಿಬೀಡು_ಗೇಜ್

ಕಲಿಯಲು ಐದು, ಹಿಮಕ್ಕೆ ಕಾಯಲು ಎರಡು, ಒಟ್ಟು ಏಳು ರಾತ್ರಿ. ಹಿಮ ಬೀಳುವ ದಿನ ಶ್ರೀನಗರದ ವಿಮಾನ ರದ್ದಾಗುವುದುಂಟು, ಟಂಗ್‌ಮಾರ್ಗ್‌ನಿಂದ ಮೇಲಿನ 13 ಕಿ.ಮೀ.ಗೆ ಚೈನ್ ಹಾಕಿದ ಗಾಡಿಯೇ ಬೇಕು. ಆದ್ದರಿಂದ ವಾಪಸ್ ವಿಮಾನದ ಹಿಂದಿನ ರಾತ್ರಿ ಶ್ರೀನಗರದಲ್ಲೇ ಇರಿ. ರೂಮು ದಿನಾಂಕ ಬದಲಿಸುವಂಥದ್ದು ಹಿಡಿಯಿರಿ, ಮುಂಗಡ ಪೂರ್ತಿ ಕಟ್ಟಬೇಡಿ. ಬಿಸಿಲಿನ ದಿನಗಳಲ್ಲಿ ರಾತ್ರಿ ಹೆಪ್ಪುಗಟ್ಟಿದ ಮೇಲ್ಪದರ ಬೆಳಿಗ್ಗೆ ಗಾಜಿನ ಹಾಗಿರುತ್ತದೆ, ಮಕ್ಕಳು ಬೀಳುವುದು ಆಗಲೇ. ಹತ್ತೂವರೆಗೆ ಶುರು ಮಾಡಿ, ಮಧ್ಯಾಹ್ನ ಎರಡರ ಮೇಲೆ ಹಿಮ ಗಂಜಿಯಂತಾಗಿ ಸ್ಕೀ ತಿರುಗದೆ ಮೊಣಕಾಲು ತಿರುಗುತ್ತದೆ, ಅಷ್ಟಕ್ಕೆ ನಿಲ್ಲಿಸಿ.