‘ಖರೀದಿಸಿ’ ಅಂತ ಒತ್ತಿ ಕೊಂಡಿದ್ದು ನಮ್ಮದೇ ಅಲ್ವಾ?

ಓದುಗೂಬೆ:
ಹಳೇ ಖಾತೆಗೆ ಲಾಗಿನ್ ಆದ್ರೆ ದುಡ್ಡು ಕೊಟ್ಟು ಕೊಂಡಿದ್ದ ಒಂದು ಸಿನಿಮಾ ಪಟ್ಟಿಯಲ್ಲೇ ಇಲ್ಲ. ಕೇಳಿದರೆ ‘ನಮಗಿದ್ದ ಹಕ್ಕಿನ ಅವಧಿ ಮುಗಿದಿದೆ’ ಅಂತಾರೆ. ಬಾಡಿಗೆಗೆ ತಗೊಂಡಿದ್ದಲ್ಲ ಸ್ವಾಮಿ, ‘ಖರೀದಿಸಿ’ ಅನ್ನೋ ಬಟನ್ ಒತ್ತಿಯೇ ತಗೊಂಡಿದ್ದು. ಹಾಗಾದ್ರೆ ಡಿಜಿಟಲ್‌ನಲ್ಲಿ ನಮ್ಮದು ಅಂತ ಏನಾದ್ರೂ ಇದೆಯಾ?

ಹಳೇ_ಕ್ಯಾಸೆಟ್:
ನೀವು ಕೊಂಡಿದ್ದು ಸಿನಿಮಾ ಅಲ್ಲ, ನೋಡೋ ಪರವಾನಗಿ ಅಷ್ಟೇ. ಷರತ್ತುಗಳಲ್ಲಿ ಬರೆದಿರುತ್ತೆ, ಯಾರು ಓದ್ತಾರೆ ಬಿಡಿ. 2009ರಲ್ಲಿ ಅಮೆಜಾನ್ ಜನರ ಕಿಂಡಲ್‌ಗಳಿಂದ (ಇ-ಪುಸ್ತಕ ಓದೋ ಸಾಧನ) ಆರ್ವೆಲ್ ಅವರ ‘1984’ ಕಾದಂಬರಿಯನ್ನು ದೂರದಿಂದಲೇ ಅಳಿಸಿತ್ತು (ಅದೂ ಸರ್ಕಾರ ಹಳೇ ದಾಖಲೆಗಳನ್ನೇ ಅಳಿಸಿಹಾಕೋ ಕಥೆಯಿರೋ ಪುಸ್ತಕವನ್ನೇ!). ಅದನ್ನು ಅಲ್ಲಿ ಮಾರಾಟಕ್ಕೆ ಇಟ್ಟವರಿಗೆ ಹಕ್ಕೇ ಇರಲಿಲ್ಲವಂತೆ. ದುಡ್ಡು ವಾಪಸ್ ಬಂತು, ನಿಜ. ಆದ್ರೆ ಅದನ್ನು ಓದುತ್ತಾ ಟಿಪ್ಪಣಿ ಬರೆದುಕೊಂಡಿದ್ದ ಒಬ್ಬ ವಿದ್ಯಾರ್ಥಿಗೆ ಟಿಪ್ಪಣಿ ಉಳಿದರೂ ಯಾವ ಸಾಲಿಗೆ ಯಾವುದು ಅಂತ ತಿಳಿಯದೆ ಎಲ್ಲಾ ದಂಡವಾಯ್ತು, ಆತ ಕೋರ್ಟಿಗೂ ಹೋದ. 2019ರಲ್ಲಿ ಮೈಕ್ರೋಸಾಫ್ಟ್ ಇ-ಪುಸ್ತಕ ಮಾರೋದನ್ನು ನಿಲ್ಲಿಸಿದಾಗಲೂ ಅಷ್ಟೇ, ದುಡ್ಡು ಬಂತು, ಪುಸ್ತಕ ಹೋಯ್ತು.

ಗುಂಡುಪಿನ್ನು:
ಅದಕ್ಕೇ ನಾನು ಡಿಸ್ಕ್ ಬಿಟ್ಟು ಬೇರೇನೂ ಕೊಳ್ಳಲ್ಲ.

ಬೀಗದಕೈ:
ಗುಂಡುಪಿನ್ನು ಅವರೇ, ಡಿಸ್ಕ್ ಇದ್ದ ಮಾತ್ರಕ್ಕೆ ಬಚಾವ್ ಅಂದ್ಕೋಬೇಡಿ. ಯೂಬಿಸಾಫ್ಟ್‌ನ ‘ದಿ ಕ್ರ್ಯೂ’ ಗೇಮಿನ ಸರ್ವರ್ 2024ರಲ್ಲಿ ನಿಂತಾಗ ಡಿಸ್ಕ್ ಇದ್ದವರೂ ಆಡೋಕಾಗಲಿಲ್ಲ.

ನನ್ನ ಪರೀಕ್ಷೆ ಸುಲಭ. ಫೈಲನ್ನು ಬೇರೆ ಡ್ರೈವ್‌ಗೆ ಕಾಪಿ ಮಾಡಿ, ನೆಟ್ ಆಫ್ ಮಾಡಿ, ಆ ಕಂಪನಿಯದ್ದಲ್ಲದ ಆ್ಯಪ್‌ನಲ್ಲಿ ತೆರೆಯಿರಿ. ತೆರೆದರೆ ನಿಮ್ಮದು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಂಡು ಇಳಿಸಿಕೊಂಡ ಹಾಡು ಪಾಸಾಗುತ್ತೆ. ಜಿಒಜಿ ಅನ್ನೋ ಆನ್‌ಲೈನ್ ಅಂಗಡಿಯ ಗೇಮುಗಳಿಗೂ ಆಫ್‌ಲೈನ್ ಇನ್‌ಸ್ಟಾಲರ್ ಸಿಗುತ್ತೆ, ಡಿಆರ್‌ಎಂ ಬೀಗ (ಕಾಪಿ ಮಾಡದಂತೆ, ಬೇರೆ ಕಡೆ ತೆರೆಯದಂತೆ ಕಂಪನಿ ಹಾಕೋ ತಡೆ) ಇರಲ್ಲ. ಹಾಗಂತ ಅದನ್ನು ಹಳೇ ಪುಸ್ತಕದ ಥರ ಇನ್ನೊಬ್ಬರಿಗೆ ಮಾರೋಕೆ ಹೋಗಬೇಡಿ. ಬಳಸಿದ ಹಾಡಿನ ಫೈಲ್ ಮರುಮಾರಾಟ ಮಾಡಿಸ್ತಿದ್ದ ರೀಡಿಜಿ ಅಮೆರಿಕದ ಕೋರ್ಟಲ್ಲಿ ಸೋತಿದೆ, ಫೈಲ್ ಕಳಿಸೋದು ಅಂದ್ರೆ ಹೊಸ ಪ್ರತಿ ಮಾಡಿದ ಹಾಗೆ ಅಂತ.

ಬಟನ್ ವಿಷಯಕ್ಕೆ ಬಂದ್ರೆ, ಪರವಾನಗಿ ಅಂತ ಸ್ಪಷ್ಟವಾಗಿ ತಿಳಿಸದೆ ‘ಖರೀದಿ’ ಅನ್ನೋ ಹಾಗಿಲ್ಲ ಅಂತ ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಕಾನೂನಿದೆ. ಒಳ್ಳೇದೇ, ಆದ್ರೆ ಅದು ಬೋರ್ಡ್ ಬದಲಾಯಿಸುತ್ತೆ, ಸಾಮಾನನ್ನಲ್ಲ.

ಓದುಗೂಬೆ:
ಸರಿ, ಹಾಡುಗಳು ಪಾಸಾದವು. ಸಿನಿಮಾಗೆ ಏನು ದಾರಿ?

ಬೀಗದಕೈ:
ದೊಡ್ಡ ಸ್ಟುಡಿಯೋಗಳ ಸಿನಿಮಾ ಬೀಗವಿಲ್ಲದೆ ಸಿಗೋದು ತೀರಾ ಅಪರೂಪ. ಅಲ್ಲಿ ಮಾತ್ರ ಗುಂಡುಪಿನ್ನು ಹೇಳಿದ್ದೇ ಸರಿ, ಡಿಸ್ಕ್ ತಗೊಳ್ಳಿ. ಪ್ಲೇಯರ್ ಕೆಟ್ಟರೆ ರಿಪೇರಿ ಮಾಡಿಸಬಹುದು.